ಒಂದೂ ಮನೆ ಬಿಡದ ಭಿಕ್ಷು

ಖಟಕ ಚಿಂಚೋಳಿಯ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಹಾಕಿಸಿಕೊಂಡ ಬೌದ್ಧ ಭಿಕ್ಷು ಅದೇ ಬಟ್ಟಲು ಹಿಡಿದು ಊರ ಹೊರಗಿನ ಕೇರಿಯತ್ತ ನಡೆದರು. ಅಜಂತಾಕ್ಕೆ ಕಾಲ್ನಡಿಗೆಯಲ್ಲಿ ಹೊರಟಿದ್ದವರು. ನಾನು ಓಡಿಹೋಗಿ ತಡೆದೆ.

“ಆ ಕೇರಿಗ್ಯಾಕ ಹೋಗ್ತೀರಿ? ನಮ್ಮ ಮನ್ಯಾಗೇ ಹೊಟ್ಟಿ ತುಂಬ ಉಣ್ಣರಿ.”

ಅವರು ಹರಕುಮುರುಕು ದಖ್ಖನಿ ಉರ್ದುವಿನಲ್ಲಿ ಹೇಳಿದರು: “ನಾನು ಮನೆ ಆರಿಸುವುದಿಲ್ಲ, ದಾರಿಯಲ್ಲಿ ಒಂದನ್ನೂ ಬಿಡುವುದಿಲ್ಲ. ದಿನವೂ ನನ್ನ ಪೂಜೆ ಇಷ್ಟೇ.”

ನಾನೂ ಹಿಂದೆಯೇ ಹೋದೆ. ಕೇರಿಯ ಮುದುಕಿಯೊಬ್ಬಳು ನನ್ನನ್ನು ನೋಡಿ ಅಂಜುತ್ತಲೇ ನಮ್ಮ ರೊಟ್ಟಿಯ ಮೇಲೆ ತನ್ನ ಅಂಬಲಿ ಸುರಿದಳು. ಭಿಕ್ಷು ತಲೆಬಾಗಿ, ಅಲ್ಲೇ ಕೂತು, ನಿಧಾನವಾಗಿ ಉಂಡರು.

ನಾನು ಇಂದಿಗೂ ಇಷ್ಟಲಿಂಗ ಪೂಜೆ ಬಿಟ್ಟಿಲ್ಲ. ಆದರೆ ‘ಇವ ನಮ್ಮವ’ ಎಂಬ ಬಸವಣ್ಣನ ಮಾತು ನನ್ನ ಬಾಯಲ್ಲಷ್ಟೇ ಇತ್ತೆಂದು ಅಂದು ತಿಳಿಯಿತು. ಮರುದಿನ ಪೂಜೆ ಮುಗಿಸಿ ಆ ಮುದುಕಿಯ ಬಾಗಿಲಿಗೆ ಹೋಗಿ ನೀರು ಕೇಳಿದೆ. “ಖರೇನ ಕುಡೀತೀರೇನ್ರಿ?” ಎಂದು ಆಕೆ ಎರಡು ಸಲ ಕೇಳಿದಳು. ಕುಡಿದೆ.