ನಾ ಸಹಾ

ನಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ಒಂದು ಸಂಚಿ ತೂಗುತ್ತದೆ. ಗದಗಿನ ಕಡೆಯ ಹಿರಿಯ ಹೆಂಗಸರು ಎಲೆ, ಅಡಿಕೆ, ಸುಣ್ಣದ ಡಬ್ಬಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚೀಲವದು. ಕುಬಸದ ಕಣದ ಚೂರುಗಳನ್ನು ಜೋಡಿಸಿ ಹೊಲಿದದ್ದು, ಅರೆಯೊಳಗೆ ಅರೆ ಇಟ್ಟುಕೊಂಡದ್ದು, ಎರಡೂ ಕಡೆಯ ದಾರ ಜಗ್ಗಿದರೆ ಮುನಿಸಿಕೊಂಡ ಮಗುವಿನ ತುಟಿಯಂತೆ ತಟ್ಟನೆ ಮುಚ್ಚಿಕೊಳ್ಳುವಂಥದು. ನನ್ನ ಸಂಚಿ ಮಾತ್ರ ಹುಟ್ಟಿದಾರಭ್ಯ ಎಲೆಯನ್ನೂ ಕಂಡಿಲ್ಲ, ಅಡಿಕೆಯನ್ನೂ ಕಂಡಿಲ್ಲ. ಅದರ ಹೊಟ್ಟೆಯಲ್ಲಿರುವುದು ಬರೀ ಚಿಲ್ಲರೆ. ಬೆಳಿಗ್ಗೆ ತರಕಾರಿ ಗಾಡಿಯವಳು ಬಾಗಿಲಲ್ಲಿ ನಿಂತು "ವಹಿನೀ, ಸುಟ್ಟೆ ದ್ಯಾ" ಎಂದು ಕೂಗಿದಾಗಲೆಲ್ಲ ನನ್ನ ಕೈ ತಾನಾಗಿಯೇ ಆ ಮೊಳೆಯ ಕಡೆಗೆ ಹೋಗುತ್ತದೆ, ತುಟಿಯ ಮೇಲೆ ಒಂದು ನಗು ತಾನಾಗಿಯೇ ಬರುತ್ತದೆ. ಚಿಲ್ಲರೆ ಕೇಳಿದರೆ ನಗುವ ಗಿರಾಕಿ ನಾಶಿಕದ ಸುತ್ತಮುತ್ತ ಇನ್ನೊಬ್ಬಳಿರಲಾರಳು ಎಂದು ಆಕೆ ಅಂದುಕೊಂಡಿದ್ದರೂ ಆಶ್ಚರ್ಯವಿಲ್ಲ.

ಆ ನಗುವಿನ ಮೂಲ ನನ್ನ ಅತ್ತೆ. ನಾಶಿಕದ ಮಗ್ಗುಲಿನ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ನನ್ನವರಿಗೆ ಕೆಲಸವಾಗಿ ನಾವು ಈ ಊರಿಗೆ ಬಂದು ಬೇರೂರಿದ ಮೇಲೆ, ಒಂದು ದೀಪಾವಳಿ ರಜೆಯಲ್ಲಿ ಅತ್ತೆ ತಮ್ಮ ಹಿರಿಯ ಮಗನೊಂದಿಗೆ, ಎಂದರೆ ನನ್ನ ಭಾವನವರೊಂದಿಗೆ, ನಮ್ಮಲ್ಲಿಗೆ ಬಂದರು. ಮಾವನವರು ಬರಲಿಲ್ಲ, ಸ್ವಂತ ಹಾಸಿಗೆಯ ಹೊರತು ಬೇರೆಲ್ಲೂ ನಿದ್ದೆ ಬಾರದ ಮನುಷ್ಯ ಅವರು.

ನಮ್ಮ ಕಡೆ ಟಿಕೀಟನ್ನು ಯಾರೂ ಕೊಳ್ಳುವುದಿಲ್ಲ, 'ತಗಸುತ್ತಾರೆ'. ಈ ಎರಡು ಕ್ರಿಯಾಪದಗಳ ನಡುವೆ ಎಷ್ಟು ಅಂತರವಿದೆ ಎಂಬುದು ಬೀಗರ ಜೊತೆ ಒಮ್ಮೆಯಾದರೂ ಬಸ್ಸು ಹತ್ತಿದ ನಿಮಗೆ ಗೊತ್ತಿರಲೇಬೇಕು. ಕೊಳ್ಳುವುದು ವ್ಯವಹಾರ, ತಗಸುವುದು ಮರ್ಯಾದೆ. ಬಂದವರ ಟಿಕೀಟು ತಗಸದ ಮನೆಯವನು ಜಿಪುಣ, ಮನೆಯವರ ಟಿಕೀಟು ತಗಸದ ಬಂದವನು ಸಂಕೋಚವಿಲ್ಲದವನು. ಹೀಗಾಗಿ ನಮ್ಮ ಭಾವನವರೂ ನನ್ನವರೂ ಬಸ್ಸಿನೊಳಗೆ ಕಾಲಿಟ್ಟರೆ ಸಾಕು, ರಾಮ-ಭರತರಂತಿದ್ದ ಅಣ್ಣತಮ್ಮಂದಿರು ಜಟ್ಟಿಗಳಾಗುತ್ತಿದ್ದರು. "ಬಿಡ್ರಿ ಅಣ್ಣಾ, ನಾ ತಗಸ್ತೇನಿ." "ಏ ಸುಮ್ಮನಿರೋ ತಮ್ಮಾ, ದೊಡ್ಡಾಂವ ನಾನೋ ನೀನೋ?" ಒಬ್ಬರ ಮೊಣಕೈ ಇನ್ನೊಬ್ಬರ ಕಿಸೆಯನ್ನು ಅಡ್ಡಗಟ್ಟುತ್ತಿತ್ತು, ಕಂಡಕ್ಟರನ ಮೂಗಿನೆದುರು ಎರಡು ನೋಟುಗಳು ಚಾಮರಗಳಂತೆ ಬೀಸುತ್ತಿದ್ದವು.

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಕರವಸ್ತ್ರ ಮಡಿಸುವುದನ್ನು, ಸದ್ದಾಗದಂತೆ ಕುರ್ಚಿ ಸರಿಸುವುದನ್ನು, ಎರಡು ಕೈ ಒಂದೇ ವಸ್ತುವಿಗೆ ಚಾಚಿದಾಗ ನಮ್ಮ ಕೈಯನ್ನು ಮೊದಲು ಹಿಂತೆಗೆದುಕೊಳ್ಳುವುದನ್ನು ಅಲ್ಲಿನ ಸಿಸ್ಟರುಗಳು ಪ್ರೀತಿಯಿಂದ ಕಲಿಸಿದ್ದರು. ಟಿಕೀಟಿನ ಅಖಾಡಕ್ಕೆ ಈ ವಿದ್ಯೆ ಎಳ್ಳಷ್ಟೂ ಒದಗುವುದಿಲ್ಲ. ಆದ್ದರಿಂದ ನಾನು ಅತ್ತೆಯ ಪಕ್ಕ ಹಿಂದಿನ ಹೆಂಗಸರ ಸೀಟಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದೆ. ಕಂಡಕ್ಟರು ಬಂದು ಕೇಳಿದರೆ ಅತ್ತೆ ಬಾಯಿ ಬಿಡುತ್ತಿರಲಿಲ್ಲ. ಗದ್ದವನ್ನು ತುಸು ಎತ್ತಿ ಗಂಡಸರ ದಿಕ್ಕಿಗೆ ತೋರಿಸುತ್ತಿದ್ದರು, ಅಷ್ಟೇ. 'ಅಲ್ಲಿ ಅದಾರ' ಎಂಬುದು ಅದರ ಅರ್ಥ. ತವರಿನಿಂದ ಗಂಡನ ಮನೆಗೆ ಬರುವಾಗ ತಂದೆಯ ಕಡೆಗೆ, ಆಮೇಲೆ ಮಾವನವರ ಕಡೆಗೆ, ಈಗ ಮಕ್ಕಳ ಕಡೆಗೆ: ಆ ಗದ್ದ ಅದೇ ಒಂದು ಮಾತನ್ನು ಹೇಳುತ್ತಲೇ ಬಂದಿತ್ತು.

ಬಂದ ಮಾರನೆಯ ದಿನ ಮೆಂತೆಸೊಪ್ಪು ಸೋಸುತ್ತ ಕುಳಿತಾಗ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ, ಒಡವೆ ಬೇಕೆನ್ನುವ ಹುಡುಗಿಯ ನಾಚಿಕೆಯಲ್ಲಿ ಹೇಳಿದರು: "ನೋಡವಾ, ಯಾರ ಮುಂದೂ ಹೇಳಬ್ಯಾಡ. ಈ ಸರ್ತಿ ಊರಿಗೆ ಹೋಗೂದ್ರೊಳಗ ಎಲ್ಲಾರ ಟಿಕೀಟು ನಾ ತಗಸಬೇಕು. ಒಮ್ಮೆರೆ ತಗಸಬೇಕು."

"ಅದಕ್ಕೇನ್ರಿ ಅತ್ತಿ, ನಾ ಅವರಿಗೆ ಹೇಳ್ತೇನಿ, ಸುಮ್ಮನಿರ್ತಾರ" ಎಂದೆ.

"ಅಯ್ಯ ಹುಚ್ಚಿ! ಅವರು ಬಿಟ್ಟುಕೊಟ್ಟದ್ದು ನಾ ತಗಸಿಧಂಗ ಹ್ಯಾಂಗಾದೀತು?"

ಪದವಿ ಪಡೆದ ನನಗೆ ಅಲ್ಲಿಯವರೆಗೆ ಹೊಳೆಯದ ಮಾತೊಂದು ಆಗ ಹೊಳೆಯಿತು. ಮದುವೆಯಾದಂದಿನಿಂದ ನಾನೂ ಒಂದು ದಿನವೂ ಎಲ್ಲರ ಟಿಕೀಟು ತಗಸಿದವಳಲ್ಲ. ನನ್ನ ಗದ್ದವೂ ಅದೇ ದಿಕ್ಕಿಗೆ ಏಳುತ್ತಿತ್ತು, ತುಸು ಇಂಗ್ಲಿಷ್ ಧಾಟಿಯಲ್ಲಿ.

ಮೊದಲ ಪ್ರಯತ್ನ ಓಝರಿನಿಂದ ನಾಶಿಕಕ್ಕೆ ಹೋಗುವ ಬಸ್ಸಿನಲ್ಲಿ. ಅಂದು ಅತ್ತೆ ಮುಂಚಿತವಾಗಿಯೇ ಒಂದು ದೊಡ್ಡ ನೋಟನ್ನು ಮುಷ್ಟಿಯಲ್ಲಿ ಬೆವರಿಸಿಕೊಂಡು ಕೂತಿದ್ದರು. ಟಿಕೀಟಿನ ಯಂತ್ರ ಬರುವುದಕ್ಕೆ ಮುಂಚಿನ ಮಾತಿದು. ಕಂಡಕ್ಟರು ತೂತು ಹೊಡೆಯುವ ಚಿಮಟವನ್ನು ಕಂಬಿಗೆ ಟಕಟಕ ಬಡಿಯುತ್ತ ಬಂದ. ಅತ್ತೆ ನೋಟು ಚಾಚಿದರು. ಅವನು ನೋಟನ್ನು ನೋಡಿ ಹುಬ್ಬು ಗಂಟಿಕ್ಕಿ, "ಆಜೀ, ಸುಟ್ಟೆ ದ್ಯಾ" ಎಂದ.

ಅತ್ತೆ ಗಾಬರಿಯಾಗಿ ನನ್ನತ್ತ ತಿರುಗಿದರು. "ಏನ ಸುಟ್ಟೆ ಅಂತಾನವಾ ಇಂವಾ? ಕೈ ಸುಟಗೊಂಡಾನೇನ?"

"ಸುಟ್ಟೆ, ಸುಟ್ಟೆ!" ಎಂದು ಅವನು ದನಿ ಏರಿಸಿದ.

"ಎಣ್ಣಿ ಹಚ್ಚಪಾ, ತಣ್ಣಗಾಗತದ" ಎಂದು ಅತ್ತೆ ಕನಿಕರದಿಂದ ಹೇಳಿದರು.

ನನ್ನ ಮಗಳು ಪಲ್ಲವಿ ನಾಶಿಕದಲ್ಲೇ ಹುಟ್ಟಿದವಳು. ಕನ್ನಡ ಅವಳ ಕಿವಿಗೆ ಪೂರ್ತಿ ಬರುತ್ತದೆ, ನಾಲಗೆಗೆ ಅರ್ಧ. ಅವಳು ಸೀಟಿನ ಮೇಲೆ ಹೊರಳಾಡಿ ನಗುತ್ತ, "ಅಜ್ಜೀ, ಸುಟ್ಟೆ ಮ್ಹಣಜೆ ಚಿಲ್ಲರ! ಅವ್ರು ಚಿಲ್ಲರ ಮಾಗತಾರ" ಎಂದು ಬಿಡಿಸಿ ಹೇಳುವಷ್ಟರಲ್ಲಿ, ನಿಂತವರ ತಲೆಗಳ ಮೇಲಿಂದ ಭಾವನವರ ಉದ್ದನೆಯ ಕೈ ಬಂದು, ಸರಿಯಾದ ಚಿಲ್ಲರೆ ಕೊಟ್ಟು, ಟಿಕೀಟು ಹಿಡಿದು ಹಿಂತಿರುಗಿತ್ತು.

"ಚಿಲ್ಲರ ಅಂತ ನೆಟ್ಟಗ ಕೇಳಾಕ ಏನ ಧಾಡಿ ಅವಗ?" ಎಂದು ಅತ್ತೆ ಇಳಿಯುವ ತನಕ ಗೊಣಗಿದರು.

ನಾನು ಮಾತ್ರ ಆ ಶಬ್ದದ ಬೆನ್ನು ಹತ್ತಿದ್ದೆ. ಮರಾಠಿಯಲ್ಲಿ ಸುಟ್ಟೆ ಎಂದರೆ ಕಟ್ಟಿನಿಂದ ಬಿಡಿಸಿಕೊಂಡದ್ದು, ಸಡಿಲಾದದ್ದು. ನಮ್ಮಲ್ಲೂ ಬಿಡಿ ಹಣ, ಬಿಡಿ ಹೂವು ಎನ್ನುವುದಿಲ್ಲವೇ? ಪೋಣಿಸದ ಹೂವಿನ ಹಾಗೆ ಪೋಣಿಸದ ಹಣ. ತಮಾಷೆ ನೋಡಿ, ಅಣ್ಣತಮ್ಮಂದಿರ ಕದನ ಮೊದಲಾಗುವುದೂ 'ಬಿಡ್ರಿ' ಎಂಬ ಮಾತಿನಿಂದಲೇ. ಬಿಡಿ ಎನ್ನುತ್ತಾರೆ, ಯಾರೂ ಬಿಡುವುದಿಲ್ಲ. ಬಿಡಿ ಇದ್ದವನು ಗೆಲ್ಲುತ್ತಾನೆ. ದೊಡ್ಡ ನೋಟಿನ ದೊಡ್ಡಸ್ತಿಕೆ ಪೇಟೆಯಲ್ಲಿ ನಡೆದೀತು. ಓಡುವ ಬಸ್ಸಿನಲ್ಲಿ ಮಾನ ಕಾಯುವುದು ಚಿಲ್ಲರೆಯೇ. ಅಂಥ ಚಿಲ್ಲರೆಯನ್ನು ನಾವು ಬೈಗುಳ ಮಾಡಿಕೊಂಡು ಚಿಲ್ಲರೆ ಬುದ್ಧಿ, ಚಿಲ್ಲರೆ ಮಂದಿ ಎನ್ನುತ್ತೇವಲ್ಲ, ನಾಣ್ಯಗಳಿಗೆ ಕಿವಿಯಿದ್ದರೆ ಏನಂದುಕೊಂಡಾವು!

ಅತ್ತೆ ಪಾಠ ಕಲಿತರು. ಮನೆಗೆ ಬಂದವರೇ ಸೊಂಟದ ಸಂಚಿ ಬಿಚ್ಚಿ, ಎಲೆ-ಅಡಿಕೆಯನ್ನು ಒಂದು ಅರೆಗೆ ಒತ್ತರಿಸಿ, ಉಳಿದ ಅರೆಗಳನ್ನೆಲ್ಲ ಸುಟ್ಟೆಗೆ ಮೀಸಲಿಟ್ಟರು. ಎಲೆ ಮೆಲ್ಲದೆ ಮಾತು ಹೊರಡದ ಜೀವ ಅಷ್ಟು ಜಾಗ ತ್ಯಾಗ ಮಾಡಿದ್ದನ್ನು ಕಂಡಾಗಲೇ ಈ ಆಸೆಯ ಆಳ ನನಗೆ ತಿಳಿದದ್ದು. ಆದರೂ ದೈವ ಕೂಡಿಬರಲಿಲ್ಲ. ಶೇರ್ ರಿಕ್ಷಾದಲ್ಲಿ ದುಡ್ಡು ಕೊಡುವುದು ಇಳಿದ ಮೇಲೆ. ಮೊಣಕಾಲು ನೋವಿನ ಅತ್ತೆಯ ಪಾದ ನೆಲ ಮುಟ್ಟುವಷ್ಟರಲ್ಲಿ ರಿಕ್ಷಾದವನು ಮಕ್ಕಳಿಂದ ದುಡ್ಡು ಪಡೆದು ಇನ್ನೊಬ್ಬರನ್ನು ಹತ್ತಿಸಿಕೊಂಡಿರುತ್ತಿದ್ದ. ಪಂಚವಟಿಯಿಂದ ಮರಳುವಾಗ ಕಂಡಕ್ಟರೊಬ್ಬ ಅವರ ನೆರೆಗೂದಲು ನೋಡಿ, ಅಲ್ಲಿನ ಹಿರಿಯರಿಗಿರುವ ರಿಯಾಯಿತಿಯ ಧ್ಯಾನದಲ್ಲಿ, "ಆಜೀ, ಅರ್ಧ?" ಎಂದು ಕೇಳಿದ. ಅರ್ಧ ಎಂಬುದು ಎರಡೂ ಭಾಷೆಗೆ ಒಂದೇ. ಅತ್ತೆ ನೆಟ್ಟಗೆ ಕೂತರು. "ಅರ್ಧ ಯಾಕಪಾ? ನಾ ಪೂರಾ ಅದೇನಿ!" ಆ ವರ್ಷವೇ ಅರ್ಧ ಟಿಕೀಟಿನಿಂದ ಪೂರ್ಣಕ್ಕೆ ಬಡ್ತಿ ಪಡೆದಿದ್ದ ಪಲ್ಲವಿ, "ಮೀ ಪಣ್ ಫುಲ್!" ಎಂದು ದನಿಗೂಡಿಸಿದಳು. ತಾವಿಬ್ಬರೂ ಪೂರಾ ಎಂದು ಅಜ್ಜಿ ಮೊಮ್ಮಗಳು ಸಾಧಿಸುವಷ್ಟರಲ್ಲಿ ಈ ಸಲ ನನ್ನವರ ಕೈ ಗೆದ್ದಿತ್ತು.

ಉಳಿದದ್ದು ಒಂದೇ ಪ್ರವಾಸ. ಈಗ ಛತ್ರಪತಿ ಸಂಭಾಜಿನಗರ ಎನ್ನುವ, ಆಗ ಎಲ್ಲರ ಬಾಯಲ್ಲೂ ಔರಂಗಾಬಾದ್ ಆಗಿದ್ದ ಊರಿಗೆ ಹೋಗಿ, ದೌಲತಾಬಾದಿನ ಕೋಟೆ ನೋಡಿ, ಅತ್ತೆ ಮತ್ತು ಭಾವನವರು ಅಲ್ಲಿಂದಲೇ ಊರ ದಾರಿ ಹಿಡಿಯುವುದೆಂದು ಗೊತ್ತಾಗಿತ್ತು. ಆ ಊರಿನ ಹೆಸರುವಾಸಿ ಸಮಾಧಿಯಾದ ಮಕ್‌ಬರಾದ ಅಮೃತಶಿಲೆಯ ಎದುರು ನಿಂತಾಗಲೂ ಅತ್ತೆಯ ಕೈ ಸೊಂಟದ ಸಂಚಿಯ ಮೇಲೇ ಇತ್ತು. ಬೇಗಮಳ ಗೋರಿಗೆ ಬೆನ್ನು ತಿರುಗಿಸಿ, "ಕ್ವಾಟೆಗೆ ಹೋಗೂ ಬಸ್ಸು ಎಲ್ಲಿ ನಿಲ್ಲತದ?" ಎಂದರು.

ಬಸ್ಸಿಗೆ ಹಬ್ಬದ ಗದ್ದಲವಿತ್ತು. ಹತ್ತುವ ನೂಕಿನಲ್ಲಿ ಗಂಡಸರಿಬ್ಬರೂ ಮುಂದಕ್ಕೆ ತೇಲಿಹೋದರು. ಅತ್ತೆಗೆ ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು, ನಾನೂ ಪಲ್ಲವಿಯೂ ಕಂಬಿ ಹಿಡಿದು ಹತ್ತಿರವೇ ನಿಂತೆವು. ಪಕ್ಕದಲ್ಲಿ ಸೀತಾಫಲ ಮಾರಿ ಹಿಂತಿರುಗುತ್ತಿದ್ದ ಹಳ್ಳಿಯ ಹೆಂಗಸೊಬ್ಬಳು, ಕಾಲ ನಡುವೆ ತಳದಲ್ಲಿ ನಾಲ್ಕಾರು ಹಣ್ಣು ಉಳಿದ ಬುಟ್ಟಿ. ಅತ್ತೆಗೆ ಮರಾಠಿ ಬಾರದು, ಆಕೆಗೆ ಕನ್ನಡ ಬಾರದು. ಬಸ್ಸು ಹೊರಡುವುದರೊಳಗೆ ಒಬ್ಬರ ಮೊಣಕಾಲ ನೋವು ಇನ್ನೊಬ್ಬರಿಗೆ ತಿಳಿದು, ಎಲೆ-ಅಡಿಕೆ ಕೈ ಬದಲಾಗಿತ್ತು. ಆಗ ಕೇಳಿಸಿತು ಚಿಮಟದ ಟಕಟಕ. ಅಂದು ಕಂಡಕ್ಟರು ಹಿಂದಿನಿಂದ ಶುರುಮಾಡಿದ್ದ!

ಅತ್ತೆಯ ಮಾತಿನ ಒಂದು ರೂಢಿಯನ್ನು ನಿಮಗೆ ಇಲ್ಲಿ ಹೇಳಿಬಿಡಬೇಕು. ಊರೆಲ್ಲ 'ನಾ ಸುದ್ದಾ' ಎನ್ನುವಲ್ಲಿ ಅವರು 'ನಾ ಸಹಾ' ಎನ್ನುವವರು. ಮಠದಲ್ಲಿ ಪುರಾಣ ಕೇಳಿ ಕೇಳಿ ಬಂದ ಪದವಿರಬೇಕು. ಅದನ್ನು ಉಚ್ಚರಿಸುವಾಗ ಕೊನೆಯ ಅಕ್ಷರವನ್ನು ರೇಷ್ಮೆ ನೂಲಿನಂತೆ ಎಳೆಯುತ್ತಿದ್ದರು.

"ಕಿತೀ?" ಎಂದ ಕಂಡಕ್ಟರು, ಎಷ್ಟು ಮಂದಿಯೆಂದು ಬೆರಳು ಆಡಿಸಿ.

ಅತ್ತೆ ಸಂಚಿಯ ಬಾಯಿ ಅಗಲಿಸಿ, ಎದೆಯುಬ್ಬಿಸಿ, ಒಬ್ಬೊಬ್ಬರನ್ನಾಗಿ ತೋರಿಸಿದರು. "ಮುಂದ ನನ್ನ ಮಕ್ಕಳು ಇಬ್ಬರು. ಇಕಿ ನನ್ನ ಸೊಸಿ. ಇದು ಮಮ್ಮಗಳು. ಮತ್ತ ನಾ ಸಹಾ."

"ಸಹಾ?" ಎಂದ ಅವನು.

ಅತ್ತೆಯ ಮುಖ ಅರಳಿತು. "ಹೌದಪಾ, ಸಹಾ!" ಎಂದವರೇ ನನ್ನ ಕಡೆ ತಿರುಗಿ, "ನೋಡವಾ, ಇವಗ ಕನ್ನಡ ಬರತದ!"

ಮರಾಠಿಯಲ್ಲಿ ಸಹಾ ಎಂದರೆ ಆರು. ನಾವು ಐದು ಮಂದಿ. ನನ್ನ ಬಾಯಿ ತೆರೆಯಿತು. ಅತ್ತೆ ನಾಣ್ಯಗಳನ್ನು ಒಂದೊಂದಾಗಿ, ತುಳಸಿಗೆ ಹೂವೇರಿಸುವ ಹಾಗೆ, ಅವನ ಅಂಗೈಯಲ್ಲಿ ಇಡುತ್ತಿದ್ದುದನ್ನು ನೋಡಿ ಮುಚ್ಚಿಕೊಂಡಿತು. ಅವನು ಆರು ಟಿಕೀಟು ಹರಿದು, ತೂತು ಹೊಡೆದು, "ವ್ಹಾ ಆಜೀ, ಸಗಳೇ ಸುಟ್ಟೆ!" ಎಂದು ಪೂರ್ತಿ ಚಿಲ್ಲರೆ ಕಂಡು ಖುಷಿಪಟ್ಟು ಮುಂದೆ ಸಾಗಿದ.

ಮುಂದೆ ಜಟ್ಟಿಗಳು ಸಜ್ಜಾಗಿದ್ದರು. "ಬಿಡ್ರಿ ಅಣ್ಣಾ." "ಏ ಸರೀ ತಮ್ಮಾ." ಎರಡು ನೋಟುಗಳು ಮೇಲೆದ್ದವು. ಕಂಡಕ್ಟರು ಎರಡನ್ನೂ ಮುಟ್ಟಲಿಲ್ಲ. "ಝಾಲಂ" ಎಂದು, ಕೈ ತುಂಬ ಟಿಕೀಟಿದ್ದುದರಿಂದ ಗದ್ದವನ್ನು ತುಸು ಎತ್ತಿ ಹಿಂದಕ್ಕೆ ತೋರಿಸಿದ. "ಮಾಗೇ ಆಜೀನಿ ಕಾಢಲಂ." ಆಯಿತು, ಹಿಂದೆ ಅಜ್ಜಿ ತಗಸಿದ್ದಾರೆ.

ಅಣ್ಣತಮ್ಮಂದಿರು ಒಟ್ಟಿಗೇ ತಿರುಗಿ ನೋಡಿದರು. ಗದ್ದವೊಂದು ಇಷ್ಟು ವರ್ಷಗಳಲ್ಲಿ ಮೊದಲ ಬಾರಿ ಈ ಕಡೆಗೆ ಎದ್ದಿತ್ತು. ಅದರ ತುದಿಯಲ್ಲಿ, ಸಂಚಿಯ ದಾರ ಜಗ್ಗುತ್ತ, ಕಿಟಕಿಯ ಗಾಳಿಗೆ ಸೆರಗು ಹಾರಿಸಿಕೊಂಡು ನಮ್ಮ ಅತ್ತೆ ಕೂತಿದ್ದರು.

"ಅವ್ವಾ! ನೀ ತಗಸಿದಿ?" ಭಾವನವರ ಕೂಗಿಗೆ ಅರ್ಧ ಬಸ್ಸು ತಿರುಗಿತು.

"ಯಾಕ, ನಾ ತಗಸಬಾರದೇನ?"

"ಸೋತ್ನಿ ಬಿಡವ್ವಾ" ಎಂದು ಅವರು ನೋಟನ್ನು ಕಿಸೆಗಿಟ್ಟು ನಕ್ಕರು. ಅಂದು ಮೊದಲ ಸಲ 'ಬಿಡು' ಎಂದವರು ನಿಜವಾಗಿಯೂ ಬಿಟ್ಟಿದ್ದರು.

ಪಲ್ಲವಿ ಆಗಲೇ ಟಿಕೀಟು ಎಣಿಸಿ, "ಅಜ್ಜೀ, ಒಂದು ಜಾಸ್ತಿ ಆಹೇ" ಎಂದು ರಾಗ ತೆಗೆದಿದ್ದಳು. ಪಕ್ಕದ ಹೆಂಗಸು ಸೆರಗಿನ ಗಂಟು ಬಿಚ್ಚುತ್ತಿದ್ದಳು. ಮಾತಿನ ಭರದಲ್ಲಿ ಅವಳ ಟಿಕೀಟು ಉಳಿದುಹೋಗಿತ್ತು. ಅತ್ತೆ ಹೆಚ್ಚಿನ ಟಿಕೀಟನ್ನು ನೋಡಿದರು, ಅವಳ ಗಂಟನ್ನು ನೋಡಿದರು, ಟಿಕೀಟನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. ಸಹಾ ಎಂದರೆ ಆರು ಎಂದು ನಾನು ಮೆಲ್ಲಗೆ ತಿಳಿಸಿದಾಗ ಅವರಿಗೆ ಒಂದಿಷ್ಟೂ ಪೆಚ್ಚೆನಿಸಲಿಲ್ಲ. "ಬರೋಬರಿ ಅದ ಅಲ್ಲ? ಇಕಿ ಸಹಾ ನಮ್ಮ ಕೂಡನ ಕುಂತಾಳ." ಆ ಹೆಂಗಸು ಬೇಡವೆಂದು ತಲೆಯಾಡಿಸಿ, ಸೋತು, ಇಳಿಯುವಾಗ ಬುಟ್ಟಿಯ ತಳದಲ್ಲಿ ಉಳಿದ ಸೀತಾಫಲಗಳನ್ನೆಲ್ಲ ಅತ್ತೆಯ ಉಡಿಗೆ ಸುರಿದು ಹೋದಳು. ಕೋಟೆಯನ್ನು ನಾವು ಕೆಳಗಿನಿಂದಲೇ ನೋಡಿದೆವು. ಹಣ್ಣು ತಿನ್ನುತ್ತ, ಬೀಜ ಉಗುಳುತ್ತ.

ಮುಂದೆ ಭಾವನವರು ಫೋನಿನಲ್ಲಿ ಒಂದು ಸುದ್ದಿ ಹೇಳಿದರು. ಗದಗಿನ ಸಿಟಿ ಬಸ್ಸಿನಲ್ಲಿ ಈಗ ಕಂಡಕ್ಟರು ಮಾವನವರ ಹತ್ತಿರ ಬಂದರೆ ಅವರು ಪೇಪರಿನಿಂದ ತಲೆಯೆತ್ತದೆ ಗದ್ದವನ್ನಷ್ಟೇ ಎತ್ತುತ್ತಾರಂತೆ. ಏನೆಂದು ನಿಮಗೆ ಗೊತ್ತು: 'ಅಲ್ಲಿ ಅದಾಳ.'

ಅದಾದ ಕೆಲವೇ ದಿನಗಳಲ್ಲಿ ಊರಿಂದ ಬಂದವರೊಬ್ಬರ ಕೈಯಲ್ಲಿ ಚಟ್ನಿಪುಡಿಯ ಡಬ್ಬಿಯ ಜೊತೆ ಈ ಸಂಚಿ ಬಂತು. ಕುಬಸದ ಕಣ ಹೊಸದು, ಹೊಲಿಗೆ ಅತ್ತೆಯದು. ಒಳಗೆ ಎಲೆಯಿರಲಿಲ್ಲ, ಅರೆ ಅರೆಯಲ್ಲೂ ನಾಣ್ಯಗಳು ಪಿಸುಗುಟ್ಟುತ್ತಿದ್ದವು. ಅತ್ತೆ ಹೇಳಿ ಕಳಿಸಿದ್ದು ಮೂರೇ ಮಾತು: "ಇದು ಅಕಿಗೆ ಸಹಾ."

ಬಾಗಿಲಲ್ಲಿ ತರಕಾರಿಯವಳು ಕೂಗುತ್ತಿದ್ದಾಳೆ. ಇವತ್ತು ನಾವು ಗೆಳತಿಯರು ನಾಶಿಕದ ಪೇಟೆಗೆ ಬಸ್ಸಿನಲ್ಲಿ ಹೋಗುವವರಿದ್ದೇವೆ, ಅವಳಿಗೆ ಕೊಟ್ಟು ಉಳಿದ ಸುಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಸಿಸ್ಟರುಗಳು ಕ್ಷಮಿಸಲಿ, ಎರಡು ಕೈ ಚಾಚಿದಾಗ ನನ್ನದು ಈಗ ಹಿಂದಕ್ಕೆ ಬರುವುದಿಲ್ಲ. ಟಿಕೀಟು ನಾನೇ ತಗಸುತ್ತೇನೆ. ಪಕ್ಕದಲ್ಲಿ ಯಾರು ಕೂತಿದ್ದಾರೆಂದೂ ಒಮ್ಮೆ ನೋಡಿಕೊಳ್ಳುತ್ತೇನೆ.