ನೇರಳೆ ಕಾಗದ ಮತ್ತು ಫಿಯೆಟ್ ಕಾರಿನ ಹಿಂದಿನ ಸೀಟು

ಆ ನೇರಳೆ ಕಾಗದದಿಂದ ಯಾವ ಧೂಮಕೇತುವೂ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ದುಂಡಗೆ ಕತ್ತರಿಸಿ, ಸುಲೋಚನಾ ಮೇಡಂ ಅವರ ಕ್ಯಾಮೆರಾಕ್ಕೆ ನನ್ನ ಕೈಯಾರೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಕೊಟ್ಟೆ. ಕಟ್ಟಿಕೊಟ್ಟು, ಅವರು ಕೂರಬೇಕಿದ್ದ ಕಾರಿನ ಸೀಟಿನಲ್ಲಿ ನಾನು ಹೋಗಿ ಕುಳಿತೆ. ಇದನ್ನು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು — ಬೇಕಾಗಬಾರದಿತ್ತು.

ನಮ್ಮ ವಂಶದಲ್ಲೇ ಡಿಗ್ರಿ ಮಾಡಿದ ಮೊದಲಿಗ ನಾನು. ಜಂಬದಿಂದಲೇ ಹೇಳುತ್ತಿದ್ದೇನೆ, ಆ ಜಂಬವೇ ಈ ಕತೆಯ ಅರ್ಧಭಾಗ. ಅಪ್ಪನದು ಬನ್ನಿಮಂಟಪದಲ್ಲಿ ಮದುವೆ ಮನೆಗಳಿಗೆ ದೀಪ ಬಾಡಿಗೆಗೆ ಕೊಡುವ ಅಂಗಡಿ. ಮೊದಮೊದಲು ಪೆಟ್ರೋಮ್ಯಾಕ್ಸ್, ಆಮೇಲೆ ಸೀರಿಯಲ್ ಸೆಟ್ಟು, ಬಣ್ಣಬಣ್ಣದ ಜಿಲೆಟಿನ್ ಕಾಗದ ಸುತ್ತಿದ ಟ್ಯೂಬ್‌ಲೈಟು. ಅವರಿವರ ಮದುವೆಯ ಬೆಳಕಿನಲ್ಲೇ ನಾನು ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದೆ. ಮುಗಿಸಿದ ಮೇಲೆ ಹತ್ತಿದ್ದು ಆಕಾಶದ ಫೋಟೋ ತೆಗೆಯುವ ಹುಚ್ಚು. ಅದಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಕತ್ತಲೆ.

“ನೋಡ್ರಪ್ಪ, ಊರ್ಗೆಲ್ಲಾ ಲೈಟ್ ಹಾಕಿ ಇವನ್ನ ಓದುಸ್ದೆ. ಇವ್ನು ಓದ್ಬುಟ್ಟು ಕತ್ಲೆ ಉಡುಕ್ತಾವ್ನೆ!” ಎಂದು ಅಪ್ಪ ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದರು. ನನಗೆ ಮೈಯುರಿಯುತ್ತಿತ್ತು.

ಸಾವಿರದ ಒಂಬೈನೂರ ತೊಂಬತ್ತೇಳರ ಬೇಸಿಗೆ. ಸೂರ್ಯ ಮುಳುಗಿದ ಮೇಲೆ ವಾಯವ್ಯ ದಿಕ್ಕಿನಲ್ಲಿ ಬಾಲ ಬಿಟ್ಟುಕೊಂಡು ದೊಡ್ಡ ಧೂಮಕೇತು ನಿಲ್ಲುತ್ತಿತ್ತು. ಈಗ ಹೋದರೆ ಮತ್ತೆ ಬರುವುದು ಎರಡು ಸಾವಿರ ವರ್ಷಗಳಿಗೂ ಮೇಲೆ. ಲಕ್ಷ್ಮೀಪುರಂನ ಸುಲೋಚನಾ ಮೇಡಂ ಅವರ ತಾರಸಿಯಲ್ಲಿ ಭಾನುವಾರ ಸಂಜೆ ಸೇರುವ ನಮ್ಮ ಪುಟ್ಟ ಬಳಗಕ್ಕೆ ಊಟ, ನಿದ್ದೆ ಎಲ್ಲ ಅದೇ ಆಗಿತ್ತು. ಮೇಡಂ ಭೂಗೋಳ ಕಲಿಸಿ ನಿವೃತ್ತರಾದವರು. ಯಜಮಾನರು ಬಿಟ್ಟುಹೋದ ಒಂದು ಜಪಾನಿ ಕ್ಯಾಮೆರಾವನ್ನು ಬೀರುವಿನಿಂದ ಹೊರತೆಗೆದು ಒರೆಸಿ ಇಟ್ಟುಕೊಂಡಿದ್ದರು.

“ಸರ್ವೀಸ್ ಪೂರ್ತಿ ಬೋರ್ಡ್ ಮೇಲೆ ಪೊರಕೆ ಬರೆದು, ಇದೇ ಧೂಮಕೇತು ಅಂತ ಮಕ್ಕಳಿಗೆ ಸುಳ್ಳು ಹೇಳಿದೀನಿ ಕಣಪ್ಪ. ನಿಜವಾದ್ದು ಒಂದೇ ಒಂದು ಫೋಟೋ ನನ್ನ ಕೈಯಿಂದ ಬಂದ್ಬಿಟ್ರೆ ಸಾಕು” ಎನ್ನುತ್ತಿದ್ದರು. ಅವರ ಆಸೆ ಅಷ್ಟೇ. ನಾನು ಹಾಳು ಮಾಡಿದ್ದೂ ಅಷ್ಟನ್ನೇ.

ಕಷ್ಟವೆಂದರೆ ಬೀದಿದೀಪ. ಹಳದಿ ಸೋಡಿಯಂ ದೀಪಗಳ ಬೆಳಕಿನಲ್ಲಿ ತೆಗೆದ ಫೋಟೋಗಳೆಲ್ಲ ಕೇಸರಿಭಾತಿನ ಬಣ್ಣಕ್ಕೆ ಬರುತ್ತಿದ್ದವು. ಅದರಲ್ಲಿ ಧೂಮಕೇತು ಎಂಬುದು ದ್ರಾಕ್ಷಿಯೋ ಗೋಡಂಬಿಯೋ ತಿಳಿಯುತ್ತಿರಲಿಲ್ಲ. ನಾನು ಎದ್ದು ನಿಂತು ಭಾಷಣ ಮಾಡಿದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಸೋಡಿಯಂ ದೀಪದ ಮುಂದೆ ಗಂಟೆಗಟ್ಟಲೆ ಕುಳಿತವನು ನಾನು. ಆ ಬೆಳಕೆಂದರೆ ಅಕ್ಕಪಕ್ಕದ ಎರಡು ಹಳದಿ ಗೆರೆ, ಅವೆರಡನ್ನು ತಡೆಯುವ ಫಿಲ್ಟರ್ ಸಿಕ್ಕರೆ ಮೈಸೂರಿನ ಆಕಾಶ ಕಾಡಿನಷ್ಟು ಕತ್ತಲಾದಂತೆಯೇ ಎಂದೆ. ಬೀದಿಯ ದೀಪ ಪ್ರಯೋಗಾಲಯದ ದೀಪದಂತಲ್ಲ, ಅದು ಎಲ್ಲ ಬಣ್ಣಕ್ಕೂ ಚೆಲ್ಲಿಕೊಂಡಿರುತ್ತದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ತಿಳಿಯದ್ದು ತಪ್ಪಲ್ಲ. ತಪ್ಪು ಇನ್ನೂ ಮುಂದಿದೆ.

ಫಿಲ್ಟರ್ ಆರಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಸರಿಯಾದ ಗಾಜಿನ ಫಿಲ್ಟರು ವಿದೇಶಿ ಪತ್ರಿಕೆಯ ಜಾಹೀರಾತಿನಲ್ಲಿ ಮಾತ್ರ ಇತ್ತು. ಅದು ಹಡಗು ಹತ್ತಿ ಬರುವಷ್ಟರಲ್ಲಿ ಧೂಮಕೇತು ತನ್ನ ಮನೆ ಸೇರಿ ಕಾಲು ಚಾಚಿ ಮಲಗಿರುತ್ತಿತ್ತು. ಫೋಟೋ ಸ್ಟುಡಿಯೋದವರಿಂದ ಎರವಲು ತಂದ ನೀಲಿ ಗಾಜಿನಲ್ಲಿ ಆಕಾಶವು ನೀಲಿ ಹೆಚ್ಚಾಗಿ ಒಗೆದ ಪಂಚೆಯಂತೆ ಬಂತು. ಕೊನೆಗೆ ಅಪ್ಪನ ಜಿಲೆಟಿನ್ ಕಾಗದಗಳ ಟ್ರಂಕು ತೆಗೆದೆ. ಕೆಂಪು ಜಿಲೆಟಿನ್ನಿನಲ್ಲಿ ನಮ್ಮ ಬೀದಿದೀಪ ಮದುವಣಗಿತ್ತಿಯಾಯಿತು. ಹಸಿರಿನಲ್ಲಿ ಹಾವಿನ ಕಣ್ಣಾಯಿತು. ನೇರಳೆ ಹಿಡಿದೆ — ದೀಪ ಮಂಕಾಯಿತು! ಸಿಕ್ಕಿತು ಎಂದು ಕುಣಿದೆ. ನಕ್ಷತ್ರಗಳೂ ಅಷ್ಟೇ ಮಂಕಾಗಿದ್ದವು. ಅದನ್ನು ನೋಡಿದೆ, ನೋಡದವನಂತಿದ್ದೆ.

ಮರುದಿನ ಸಂಜೆ ನಮ್ಮ ಮನೆಯ ಪಕ್ಕದ ಛತ್ರದಲ್ಲಿ ಆರತಕ್ಷತೆ. ದೀಪ ಅಪ್ಪನದು. ಮಂಟಪದ ಕರೆಂಟು ಸಾಲದೆಂದು ಅಪ್ಪ ಬೀದಿ ಕಂಬದ ತಂತಿಗೆ ಕದ್ದು ಕೊಕ್ಕೆ ಹಾಕಿದ್ದರು. ನಾನು ನಮ್ಮ ತಾರಸಿಯ ಮೇಲೆ ಹಳೆಯ ರಷ್ಯನ್ ಕ್ಯಾಮೆರಾಕ್ಕೆ ನೇರಳೆ ಕಾಗದ ಕಟ್ಟಿ ನಿಂತಿದ್ದೆ. ಕೆಳಗೆ ಅಪ್ಪ ಸ್ವಿಚ್ಚು ಒತ್ತಿದ ಕೂಡಲೇ ಢಬ್ ಎಂದಿತು — ಛತ್ರ, ಬೀದಿ, ಇಡೀ ಬಡಾವಣೆ ಕತ್ತಲು. ವಧೂವರರು ಕತ್ತಲಲ್ಲಿ, ಫೋಟೋಗ್ರಾಫರ್ ಕತ್ತಲಲ್ಲಿ, ಬೀಗರ ಕೂಗಾಟ ಮಾತ್ರ ಸ್ಪಷ್ಟ. ನಾನು ಕಾಗದವನ್ನು ಕಿತ್ತು ಜೇಬಿಗೆ ತುರುಕಿ, ಬರಿಯ ಲೆನ್ಸಿನಲ್ಲಿ ಫೋಟೋ ತೆಗೆದೆ.

ಪ್ರಿಂಟ್ ಬಂದಾಗ ಅಪ್ಪ ಅಂಗಡಿಯ ಬೆಳಕಿಗೆ ಹಿಡಿದು ನೋಡಿದರು. ಕರಿ ಆಕಾಶ, ಎರಡು ಬಾಲ, ಎಲ್ಲ ಬಿಡಿಸಿಟ್ಟ ಹಾಗೆ.

“ನಮ್ ಪೇಪರ್ನಲ್ಲೇ ತೆಗ್ದಿದ್ದೇನ್ಲಾ?”

ನನ್ನ ಓದಿನ ಬಗ್ಗೆ ಅಪ್ಪನ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ. “ಹೂಂ” ಎಂದೆ. ಬರಿ ಹೂಂ. ಅಷ್ಟರಲ್ಲಿ ಕೊಕ್ಕೆ ಹಾಕಿದವರು ಯಾರೆಂದು ಲೈನ್‌ಮನ್‌ಗಳು ಕೇಳಿಕೊಂಡು ಬರುತ್ತಿದ್ದರು. ಕತ್ತಲೆಯ ಸುದ್ದಿಯನ್ನೇ ಎತ್ತದಿರುವುದು ಇಬ್ಬರಿಗೂ ಕ್ಷೇಮವಾಗಿತ್ತು. ಹೀಗೆ ಅಪ್ಪನ ಕೊಕ್ಕೆಗೆ ನನ್ನ ಸುಳ್ಳೂ ನೇತುಬಿತ್ತು.

ಭಾನುವಾರ ಬಳಗದಲ್ಲಿ ಆ ಫೋಟೋ ಕೈಯಿಂದ ಕೈಗೆ ಹೋಯಿತು. “ಡಿಗ್ರಿ ಅಂದ್ರೆ ಇದು ಕಣ್ರೀ!” ಎಂದರು ಗುರುಮಲ್ಲಪ್ಪನವರು. ಅವರು ಅಕ್ಕಿ ವ್ಯಾಪಾರಿ, ನಮ್ಮಲ್ಲಿ ಕಾರು ಇದ್ದವರು ಅವರೊಬ್ಬರೇ. ಆ ಸಂಜೆ ತಮ್ಮ ಫಿಯೆಟ್ಟಿನಲ್ಲಿ ಹಿನಕಲ್ ಆಚೆಯ ಬಯಲಿಗೆ ಹೊರಟಿದ್ದರು. ಆಗ ಅಲ್ಲಿ ಹೊಲ, ಕತ್ತಲೆ, ನಾಯಿ ಬಿಟ್ಟರೆ ಬೇರೇನಿರಲಿಲ್ಲ. ಜನ, ಸ್ಟ್ಯಾಂಡು, ಕಡಲೇಕಾಯಿ ಚೀಲ ಎಲ್ಲ ತುಂಬಿ ಹಿಂದೆ ಒಂದೇ ಸೀಟು ಉಳಿದಿತ್ತು. ಅದು ಮೇಡಂ ಅವರದು. ಒಂದು ವಾರ ಮೊದಲೇ ಮಾತಾಗಿತ್ತು. ಅವರು ಸ್ವೆಟರ್ ಹಾಕಿಕೊಂಡು, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದರು.

ಆಗ ನಾನು ಆಡಿದ ಮಾತು ಇದು:

“ನಿಮಗ್ಯಾಕೆ ಮೇಡಂ ಆ ಧೂಳಲ್ಲಿ ಓಡಾಟ? ನಿಮ್ಮ ಹತ್ರ ಫಿಲ್ಟರ್ ಇರುತ್ತಲ್ಲ!”

ಜೇಬಿನಿಂದ ದುಂಡಗೆ ಕತ್ತರಿಸಿದ್ದ ಕಾಗದ ತೆಗೆದು ಅವರ ಕ್ಯಾಮೆರಾಕ್ಕೆ ಕಟ್ಟಿಯೇ ಬಿಟ್ಟೆ. ಅವರು ಒಂದು ಗಳಿಗೆ ಕಾರನ್ನು ನೋಡಿದರು — ಆ ನೋಟ ನನಗೆ ಇನ್ನೂ... ಇರಲಿ. “ಹೌದು ನೋಡು. ನೀನೇ ಹೋಗಪ್ಪ. ಓದಿರೋ ಹುಡುಗ, ಎರಡನ್ನೂ ಹೋಲಿಸಿ ನೋಡಿದ ಹಾಗೂ ಆಗತ್ತೆ” ಎಂದರು. ಎಷ್ಟು ಹೊತ್ತು ತೆರೆದಿಡಬೇಕು ಎಂದು ಕೇಳಿದರು. ಕಾಗದ ಬೆಳಕು ನುಂಗುತ್ತದೆ, ಎರಡು ನಿಮಿಷ ಬಿಡಿ ಎಂದೆ. ಲೆಕ್ಕ ಹಾಕಿದವನಂತೆ ಆಕಾಶ ಬೇರೆ ನೋಡಿದೆ.

ಕಾರು ಹೊರಟ ಮೇಲೆ ಗುರುಮಲ್ಲಪ್ಪನವರು ಕಡಲೇಕಾಯಿ ಬಿಡಿಸುತ್ತಾ ಕೇಳಿದರು: “ಅಲ್ಲ ಕಣೋ, ಆ ಫಿಲ್ಟರ್ ಅಷ್ಟು ಚೆನ್ನಾಗಿದ್ರೆ ನೀನ್ಯಾಕೋ ಹಿನಕಲ್‌ಗೆ ಬರ್ತಿದೀಯ?”

“ಹೋಲಿಕೆಗೆ, ಸಾರ್.”

“ಓಹೋ. ಹೋಲಿಕೆ” ಎಂದು ಸಿಪ್ಪೆಯನ್ನು ಕಿಟಕಿಯಾಚೆ ಎಸೆದರು.

ನನ್ನ ಫೋಟೋ ಅದ್ಭುತವಾಗಿ ಬಂತು. ಮರುದಿನದಿಂದ ಮೋಡ ಕವಿದು ಮಾವಿನ ಮಳೆ ಹಿಡಿಯಿತು; ಮಳೆ ಬಿಡುವಷ್ಟರಲ್ಲಿ ಧೂಮಕೇತು ಮಂಕಾಗಿ ಕೆಳಗಿಳಿದುಹೋಗಿತ್ತು. ಮೇಡಂ ಅವರ ಪ್ರಿಂಟು ಮೂಲೆಯಿಂದ ಮೂಲೆಗೆ ಕಳಿತ ನೇರಳೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಅದರಲ್ಲಿ ಧೂಮಕೇತು ಇರಲಿ, ಎದುರು ಮನೆಯ ತೆಂಗಿನಮರವೂ ಇರಲಿಲ್ಲ.

“ನನ್ನ ಕೈ ನಡುಗಿರಬೇಕು ಕಣಪ್ಪ” ಎಂದರು.

ನಾನು — ನಾನು ಹೇಳಬಹುದಿತ್ತು. “ಪರವಾಗಿಲ್ಲ ಬಿಡಿ ಮೇಡಂ, ಅಭ್ಯಾಸ ಬೇಕು” ಎಂದೆ. ಹೌದು, ಅವರನ್ನು ಸಮಾಧಾನ ಮಾಡಿದೆ ನಾನು!

ಅವರು ಆ ನೇರಳೆ ಚೌಕಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಬಂದ ಮಕ್ಕಳಿಗೆಲ್ಲ “ಇದರೊಳಗೆ ಧೂಮಕೇತು ಇದೆ, ನಾವು ನೋಡೋದು ಕಲೀಬೇಕು ಅಷ್ಟೆ” ಎಂದು ತೋರಿಸುತ್ತಾರೆ. ಅಪ್ಪ ಇಂದಿಗೂ ಅಂಗಡಿಯಲ್ಲಿ “ನಮ್ ಪೇಪರ್ನಲ್ಲಿ ಬಾಲಚುಕ್ಕಿ ಇಡ್ದವ್ನೆ ನನ್ ಮಗ” ಎನ್ನುತ್ತಾರೆ. ಒಂದು ಸುಳ್ಳಿಗೆ ಎರಡು ಮನೆಯಲ್ಲಿ ದೀಪ ಉರಿಯುತ್ತಿದೆ. ಆರಿಸಬೇಕಾದವನು ನಾನು.

ಮೊನ್ನೆ ಮೇಡಂ ಫೋನ್ ಮಾಡಿದ್ದರು. ಮತ್ತೆ ಆಕಾಶದ ಫೋಟೋ ತೆಗೆಯಲು ಡಿಜಿಟಲ್ ಕ್ಯಾಮೆರಾ ಕೊಂಡಿದ್ದಾರಂತೆ. “ಈಗ ಊರು ತುಂಬ ಲೈಟು ಕಣಪ್ಪ, ಭಾನುವಾರ ಬಂದ್ರೆ ಅರಮನೆ ದೀಪಾಲಂಕಾರ ಬೇರೆ. ಅಂಗಡಿಯವನು ಏನೇನೋ ಫಿಲ್ಟರ್ ಹೇಳ್ತಾನೆ. ಯಾವುದು ತಗೊಳ್ಳಲಿ? ನೀನು ಹೇಳಿದ್ದೇ ತಗೋತೀನಿ. ಹೋದ ಸಲ ನನ್ನ ಕೈಯದೇ ತಪ್ಪಾಯ್ತು.”

ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟೆ. ಯೋಚಿಸಿದ್ದೇನೆ.

ಮೇಡಂ, ನಿಮ್ಮ ಕೈ ನಡುಗಿರಲಿಲ್ಲ. ನಿಮ್ಮ ಗೋಡೆಯ ಮೇಲಿರುವುದರೊಳಗೆ ಧೂಮಕೇತು ಇಲ್ಲ; ಅಪ್ಪನ ಟ್ರಂಕಿನ ಕಾಗದ ಇದೆ, ಅಷ್ಟೆ. ಇಂದು ಸಂಜೆ ಅಪ್ಪನಿಗೂ ಹೇಳುತ್ತೇನೆ. ಬರುವ ಅಮಾವಾಸ್ಯೆಯ ದಿನ ನನ್ನ ಹಳೆ ಮಾರುತಿ ನಿಮ್ಮ ಗೇಟಿನ ಮುಂದೆ ನಿಂತಿರುತ್ತದೆ. ಹಿನಕಲ್ ಈಗ ಊರೇ ಆಗಿಹೋಗಿದೆ, ಇನ್ನೂ ಎಷ್ಟೋ ಆಚೆಗೆ ಹೋಗಬೇಕು. ಇದನ್ನು ಓದಿದ ಮೇಲೂ ಬರುತ್ತೀರಾದರೆ ಸ್ವೆಟರ್ ಹಾಕಿಕೊಳ್ಳಿ, ಮುಂದಿನ ಸೀಟು ನಿಮ್ಮದು. ಬರುವುದಿಲ್ಲವೆಂದರೆ, ಅದನ್ನು ಖಾಲಿಯಾಗಿಯೇ ಕತ್ತಲೆಯವರೆಗೂ ಒಯ್ಯುತ್ತೇನೆ. ಅದರ ಮೇಲೆ ನನ್ನ ಚೀಲವನ್ನೂ ಇಡುವುದಿಲ್ಲ.