ಮರಿಯಪ್ಪನವರ ಸೈಕಲ್ಲಿನ ಸದ್ದು

ಮರಿಯಪ್ಪನವರಿಗಿಂತ ಮೊದಲು ಅವರ ಸೈಕಲ್ಲಿನ ಸದ್ದು ಊರೊಳಗೆ ಬರುತ್ತಿತ್ತು. ಕಿರ್ರ್, ಟಕ್. ಕಿರ್ರ್, ಟಕ್. ಕೇಳಿದ್ದೇ ತಡ, ಬೀದಿಯಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಮಾಯ. ಕೆಲವರು ಅಟ್ಟದ ಮೇಲೆ, ಕೆಲವರು ರಾಗಿ ವಾಡೆಯ ಹಿಂದೆ, ಒಬ್ಬ ಪುಣ್ಯಾತ್ಮನಂತೂ ಎಮ್ಮೆಯ ಮರೆಯಲ್ಲಿ! ದೊಡ್ಡವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಯಾಕೆಂದರೆ ಮರಿಯಪ್ಪನವರದು ದಾಕು ಹಾಕುವ ಕೆಲಸ. ಸಿಡುಬು ಬರದಿರಲಿ ಎಂದು ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳನ್ನೆಲ್ಲ ಸುತ್ತಿ ಮಕ್ಕಳ ತೋಳು ಗೀರಿ ಮದ್ದು ಹಾಕಬೇಕು. ಮಹಾರಾಜರ ಸರ್ಕಾರದ ಕೆಲಸವಾದ್ದರಿಂದ ಯಾರೂ ಎದುರಾಡುತ್ತಿರಲಿಲ್ಲ. ಬನ್ನಿ, ಕೂತುಕೊಳ್ಳಿ ಎನ್ನುವವರೂ ಇರಲಿಲ್ಲ.

ಎತ್ತರದ ಆಳು. ಮಾಸಿದ ಕರಿ ಕೋಟು, ಚೈನಿಗೆ ಸಿಗದ ಹಾಗೆ ದಾರದಿಂದ ಕಟ್ಟಿದ ಪಂಚೆ. ಹುಣಸೂರಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ಹೆಂಡತಿ ಮಕ್ಕಳಿಲ್ಲ. ಮಾತೆಲ್ಲ ಸೈಕಲ್ಲಿನ ಜೊತೆಗೇ. ದಿಣ್ಣೆ ಬಂದರೆ, “ನಡಿಯವ್ವ, ಇದೊಂದು ಹತ್ತುಬುಟ್ರೆ ಆಯ್ತು” ಎನ್ನುತ್ತಿದ್ದರು. ಇಳಿಜಾರಿನಲ್ಲಿ, “ಮೆಲ್ಲಕೆ, ಮೆಲ್ಲಕೆ. ಅಲ್ಲೇನು ನಿನ್ ಗಂಡ ಕಾಯ್ತವ್ನಾ?”

ಆ ಸೈಕಲ್ಲನ್ನು ನೋಡಿಕೊಳ್ಳುತ್ತಿದ್ದವನು ನಾನು. ಸೈಕಲ್ ಕೆಲಸ ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಹುಣಸೂರಿನ ಸಂತೆ ಬೀದಿಯಲ್ಲಿ ಸಣ್ಣ ಅಂಗಡಿ ಹಾಕಿ, ಎರಡು ಬಾಡಿಗೆ ಸೈಕಲ್ ಇಟ್ಟುಕೊಂಡು, ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಿ ಕಲಿತದ್ದು. ಸೈಕಲ್ಲೆಂದರೆ ಹುಚ್ಚು ನನಗೆ.

ಒಂದು ಭಾನುವಾರ ಅವರ ಜೊತೆ ವೀರನಹೊಸಹಳ್ಳಿಯ ಆಚೆ, ಕಾಡಂಚಿನ ಸಣ್ಣದೊಂದು ಊರಿಗೆ ಹೋಗಿದ್ದೆ. ಕಿರ್ರ್, ಟಕ್ ಎನ್ನುತ್ತಿದ್ದ ಹಾಗೇ ಬಾಗಿಲುಗಳು ದಡದಡ ಮುಚ್ಚಿಕೊಂಡವು. ಒಂದೇ ಒಂದು ಬಾಗಿಲು ತೆರೆಯಿತು. ಕೋಲೂರಿಕೊಂಡು ಒಬ್ಬ ಮುದುಕಿ ಜಗಲಿಗೆ ಬಂದಳು. ಮುಖದ ತುಂಬ ಸಿಡುಬಿನ ಕಲೆ. ಎರಡು ಕಣ್ಣನ್ನೂ ಸಿಡುಬೇ ತೆಗೆದುಕೊಂಡಿತ್ತು. ನಿಂಗವ್ವ ಅಂತ ಹೆಸರು. ಇವರು ಸೈಕಲ್ಲಿನಿಂದ ಇಳಿಯುವ ಮೊದಲೇ, “ಬಂದ್ಯಾ ನನ್ನಪ್ಪಾ?” ಎಂದಳು. ಆಮೇಲೆ ಬೀದಿಗೆ ತಿರುಗಿ ಒಂದು ಕೂಗು ಹಾಕಿದಳು:

“ಮರಿಯಪ್ಪ ಬಂದವ್ನೆ ಕಣ್ರೇ! ಅಟ್ಟದ ಮ್ಯಾಲಿಂದ ಮಕ್ಳ ಇಳ್ಸಿ. ಒಂದ್ಸಾರಿ ನನ್ ಮಕ ನೋಡ್ಕೊಂಡು ಓಗಿ, ಆಮೇಲೂ ಬಚ್ಚಿಡಂಗಿದ್ರೆ ಬಚ್ಚಿಡಿ!”

ಒಂದೊಂದೇ ಬಾಗಿಲು ತೆರೆಯಿತು. ದಾಕು ಹಾಕಿ ಮುಗಿಸಿದ ಮೇಲೆ ಮರಿಯಪ್ಪನವರು ಅವಳ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದರು. ಅವರು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. ಬರುವಾಗ ದಾರಿಯಲ್ಲಿ ಅವರಾಗಿಯೇ ಹೇಳಿದರು: “ನಾನು ಬತ್ತೀನಿ ಅಂತ ಕಾಯೋ ಜೀವ ಇದೊಂದೇಯ ಕಣ್ಲಾ.”

ಮುಂದಿನ ಮಳೆಗಾಲದಲ್ಲಿ ಸೈಕಲ್ಲಿನ ಫೋರ್ಕು ಮುರಿಯಿತು. ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕವಲು ಅದು. ಗಾಡಿ ಜಾಡಿಗೆ ಚಕ್ರ ಇಳಿದು, ಬುಡದಲ್ಲೇ ಸೀಳಿತ್ತು. ಹಳ್ಳಿ ದಾರಿಯಿಂದ ನನ್ನ ಅಂಗಡಿಯವರೆಗೂ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದಿದ್ದರು.

“ಬೆಸುಗೆ ಆಕ್ಬುಡು ಮಗಾ.”

“ಬೆಸುಗೆ ನಿಲ್ಲಾಕಿಲ್ಲ ಸ್ವಾಮಿ. ಇಳಿಜಾರಲ್ಲಿ ಬುಟ್ಕೊಂಡ್ರೆ ನಿಮ್ ಮಕಕ್ಕೇ ದಾಕು ಆಕ್ಬೇಕಾಯ್ತದೆ.”

ಯುದ್ಧದ ಕಾಲ, ಇಂಗ್ಲೆಂಡ್ ಸೀಮೆಯಿಂದ ಸಾಮಾನು ಬರುವುದು ನಿಂತಿತ್ತು. ಬೇರೆ ಸೈಕಲ್ಲಿನ ಹಳೆ ಫೋರ್ಕೇ ಗತಿ. ಫೋರ್ಕೆಂದರೆ ಯಾವುದೋ ಒಂದು ತಂದು ಸಿಕ್ಕಿಸುವ ವಸ್ತುವಲ್ಲ! ಅದರ ಮೇಲಿನ ಕೊಳವೆ ಸೈಕಲ್ಲಿನ ಕತ್ತಿನೊಳಗೆ ಹೋಗಿ, ಮೇಲೆ ನಟ್ಟು ಕೂರುವಷ್ಟು ಮಾತ್ರ ಎದ್ದಿರಬೇಕು. ತಿರುಪು ಒಂದೇ ಜಾತಿಯದಾಗಿರಬೇಕು. ಚಕ್ರ ಎಲ್ಲೂ ಉಜ್ಜಬಾರದು. ಅಳತೆಗೆ ಒಂದು ಬಿದಿರು ಕಡ್ಡಿ ಕುಯ್ದು ಜೇಬಿನಲ್ಲಿಟ್ಟುಕೊಂಡು ಹೊರಟೆ. ಸಾಲಿಗ್ರಾಮದಲ್ಲಿ ಸಿಕ್ಕಿದ್ದರ ಕೊಳವೆ ಮೋಟು; ನಟ್ಟು ಒಂದು ಸುತ್ತು ತಿರುಗಿ ಬಿಟ್ಟುಕೊಳ್ಳುತ್ತಿತ್ತು. ಮಿರ್ಲೆಯಲ್ಲಿ ಸಿಕ್ಕಿದ್ದರ ಉದ್ದ ಸರಿ, ತಿರುಪು ಬೇರೆ. ಕೊನೆಗೆ ಕೃಷ್ಣರಾಜನಗರದ ಗುಜರಿಯಲ್ಲಿ ಒಂದು ಸಿಕ್ಕಿತು. ಕಡ್ಡಿ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಅದು ತಿರುಗುವ ಬಟ್ಟಲು, ಅದರೊಳಗಿನ ಬಾಲ್ಸು ಗುಂಡು ಕೂಡ ಜೊತೆಯಲ್ಲೇ ಇದ್ದವು. ಎಲ್ಲ ತೊಳೆದು, ಗ್ರೀಸು ತುಂಬಿ ಕೂರಿಸಿದೆ. ಸೈಕಲ್ಲು ಬೆಣ್ಣೆಯ ಹಾಗೆ ತಿರುಗಿತು. ಹಳೆ ಬಟ್ಟಲು ಸವೆದು ಬರುತ್ತಿದ್ದ ಆ ಕಿರ್ರ್, ಟಕ್ ಸದ್ದೇ ಇಲ್ಲ!

“ನೀವು ಪಕ್ಕದಲ್ಲೇ ಆದೋದ್ರೂ ಯಾರ್ಗೂ ಗೊತ್ತಾಗಾಕಿಲ್ಲ ಸ್ವಾಮಿ,” ಎಂದೆ. ಎದೆಯುಬ್ಬಿತ್ತು ನನಗೆ.

ವಾರ ಕಳೆದು ಮರಿಯಪ್ಪನವರು ಬಂದು ಅಂಗಡಿಯ ಮುಂದೆ ಸೈಕಲ್ಲು ನಿಲ್ಲಿಸಿದರು.

“ಏನಾಯ್ತು? ಉಜ್ತಾ ಅದ?”

“ಇಲ್ಲ ಮಗಾ, ಚೆಂದಾಗದೆ.” ಹ್ಯಾಂಡಲ್ ಸವರುತ್ತ, “ಆ ನಿಂಗವ್ವನ ಊರ್ಗೋಗಿದ್ದೆ. ಜಗಲಿ ಮ್ಯಾಲೆ ಕುಂತಿದ್ಲು. ನಾನು ಎದುರ್ಗೇ ನಿಂತಿವ್ನಿ, ಅವಳು ದಾರಿ ಕಡೀಕೇ ಕಿವಿ ಮಡಿಕ್ಕೊಂಡವ್ಳೆ. ಅವ್ವಾ ಅಂದೆ. ಬೆಚ್ಚಿಬಿದ್ದು ಕೋಲೆತ್ತಿದ್ಲು. ಕಳ್ಳನಂಗೆ ಬಂದೆಯಲ್ಲೋ ಅಂತ ಬೈದ್ಲು” ಎಂದರು.

“ಬೆಲ್ ಒಡೀಬೇಕಾಗಿತ್ತು.”

“ಬೆಲ್ಲು ಅಮಲ್ದಾರ್ರೂ ಒಡೀತಾರೆ, ಪೋಸ್ಟ್ನೋನೂ ಒಡೀತಾನೆ. ನಂದು ಬೇಕು ಕಣೋ.”

ಫೋರ್ಕು ಸಡಿಲ ಮಾಡಿದರೆ ಬೀಳುತ್ತೀರಿ ಎಂದೆ. ಹಾಗಾದರೆ ಬೇರೆ ಏನಾದರೂ ಮಾಡು ಎಂದು ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತೇಬಿಟ್ಟರು. ಹಳೆ ಫೋರ್ಕಿನಿಂದ ತುಕ್ಕು ಹಿಡಿದ ತುಂಡೊಂದನ್ನು ಕುಯ್ದು, ಲಾಟೀನು ಸಿಕ್ಕಿಸುವ ಕಂಬಿಗೆ ಬಿಗಿದು, ಸವೆದ ಹಳೆಯ ಬಟ್ಟಲನ್ನು ಅದಕ್ಕೆ ತೂಗುಹಾಕಿದೆ. ಸೈಕಲ್ಲು ತಳ್ಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

“ಊಹೂಂ. ಇದು ದನದ ಗಂಟೆ.”

ತುಂಡನ್ನು ಚಿಕ್ಕದು ಮಾಡಿದೆ.

“ಇದು ಯಾರೋ ಸಿರಿವಂತರು.”

ಫೋರ್ಕಿನ ಅಳತೆಯಾದರೆ ಕಡ್ಡಿಯಲ್ಲಿ ಹಿಡಿದಿದ್ದೆ. ಇದಕ್ಕೆ ಕಡ್ಡಿ ಎಲ್ಲಿಂದ ತರಲಿ? ಕಟ್ಟಿ, ಬಿಚ್ಚಿ, ಬಗ್ಗಿಸಿ, ಮತ್ತೆ ಕಟ್ಟಿ ಸಂಜೆಯಾಯಿತು. ಕೊನೆಗೊಮ್ಮೆ ತಳ್ಳಿದಾಗ ಕಿರ್ರ್ ಎಂದಿತು, ಗಳಿಗೆ ತಡೆದು ಟಕ್ ಎಂದಿತು. ಮರಿಯಪ್ಪನವರು ಕಣ್ಣು ಬಿಟ್ಟರು.

“ಆಂ. ಇದು ನಾನು.”

ಎರಡು ಬೇಸಿಗೆ ಆ ಸದ್ದು ನನ್ನ ಅಂಗಡಿಯ ಮುಂದೆ ಓಡಾಡಿತು. ಆಮೇಲೊಂದು ದಿನ ಮಧ್ಯಾಹ್ನ ಬಂದವರು ಸೈಕಲ್ಲಿನಿಂದ ಇಳಿದು ಆ ಬಟ್ಟಲನ್ನು ಕೈಯಿಂದ ಒತ್ತಿ ಹಿಡಿದುಕೊಂಡರು.

“ಬಿಚ್ಬುಡು ಮಗಾ.”

“ಯಾಕೆ ಸ್ವಾಮಿ?”

“ಅವ್ವ ಓಗ್ಬುಟ್ಲು. ಇನ್ನು ಈ ಸದ್ದಿಗೆ ಬಾಗ್ಲು ಆಕ್ಕೊಳ್ಳೋರೇ ಉಳ್ದಿರೋದು.”

ಹೆಗ್ಗಡದೇವನಕೋಟೆಯ ಕಡೆಗೆ ವರ್ಗವಾಗಿದೆ, ನಾಳೆಯೇ ಹೋಗುತ್ತೇನೆ ಎಂದರು. ಬಿಚ್ಚಿದೆ. ಬಟ್ಟಲನ್ನು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಫೋರ್ಕಿನ ನಟ್ಟನ್ನು ಇನ್ನೊಂದು ಸಾರಿ ಬಿಗಿದುಕೊಟ್ಟೆ. ಅದರ ಅಗತ್ಯವೇನೂ ಇರಲಿಲ್ಲ.

“ನಡಿಯವ್ವ,” ಎಂದು ಅವರು ಹತ್ತಿದರು. ನಾನು ನಟ್ಟು ಬಿಗಿದ ಪಾನಾ ಎತ್ತಿಡಲು ಒಳಗೆ ತಿರುಗಿದೆ. ಮತ್ತೆ ಹೊರಗೆ ನೋಡುವಷ್ಟರಲ್ಲಿ ಬೀದಿ ಖಾಲಿ. ಯಾವ ಕಡೆಗೆ ಹೋದರೆಂದು ತಿಳಿಯಲು ಒಂದು ಗಳಿಗೆ ಕಿವಿಗೊಟ್ಟು ನಿಂತೆ. ಅಷ್ಟು ಚೆನ್ನಾಗಿ ಹೊಂದಿಸಿದ್ದೆ ನಾನು ಆ ಫೋರ್ಕನ್ನು, ಏನೂ ಕೇಳಿಸಲಿಲ್ಲ.